ಜೂಜು ಕಟ್ಟಿದ ಸಭೆ

ಭಾರತದ ದ್ಯೂತಪ್ರಸಂಗವನ್ನು ತರಗತಿಯಲ್ಲಿ ಪಾಠ ಹೇಳುವಾಗ ವಿದ್ಯಾರ್ಥಿಗಳ ಸಿಟ್ಟೆಲ್ಲ ಶಕುನಿಯ ಮೇಲೆ; ನನ್ನ ಮನಸ್ಸು ಮಾತ್ರ ಧೃತರಾಷ್ಟ್ರನ ಕಡೆಗೆ ಹೊರಳುತ್ತದೆ. ದಾಳ ಉರುಳಿಸಿದವನು ಶಕುನಿಯೇ ಸರಿ. ಆದರೆ ಆಟಕ್ಕೆಂದು ಸಭೆ ಕಟ್ಟಿಸಿದವನು ದೊರೆಯಲ್ಲವೆ? ಜೂಜಿಗಾಗಿ ಸಭೆ ಕಟ್ಟಿದ ಕಥೆ ನಮ್ಮದು. ಜೂಜಿನಿಂದಲೇ ಸಭೆ ಕಟ್ಟಿದ ಕಥೆಯೊಂದು ಆಸ್ಟ್ರೇಲಿಯದಲ್ಲಿ ನಡೆದಿದೆ.

ಸಿಡ್ನಿ ಬಂದರಿನಲ್ಲಿ ಬಿಳಿಯ ಹಾಯಿಗಳಂತೆ ನಿಂತಿರುವ ಆಪೆರಾ ಹೌಸಿನ ಚಿತ್ರವನ್ನು ನೋಡದವರು ವಿರಳ. 1957ರಲ್ಲಿ ಡೆನ್ಮಾರ್ಕಿನ ಯೋರ್ನ್ ಉಟ್ಸನ್ನನ ನಕ್ಷೆ ಆಯ್ಕೆಯಾಯಿತು. ಅದೇ ವರ್ಷ ನ್ಯೂ ಸೌತ್ ವೇಲ್ಸ್ ಸರ್ಕಾರ ಹಣಕ್ಕಾಗಿ ಲಾಟರಿ ತೆರೆಯಿತು. 1973ರಲ್ಲಿ ಭವನದ ಬಾಗಿಲು ತೆರೆದಾಗ ಆಗಿದ್ದ ವೆಚ್ಚ 10 ಕೋಟಿ 20 ಲಕ್ಷ ಡಾಲರು. ಅದರ ಬಹುಪಾಲು ಲಾಟರಿಯ ಹಣವೇ.

ಈ ಜನಕ್ಕೆ ಜೂಜು ಹೊಸದಾಗಿರಲಿಲ್ಲ. ಸಿಡ್ನಿಯ ಹೈಡ್ ಪಾರ್ಕಿನಲ್ಲಿ 1810ರಲ್ಲೇ ಕುದುರೆಗಳು ಓಡಿದ್ದವು. 1851ರಿಂದ ಚಿನ್ನ ಅಗೆಯಲು ಹಡಗು ಹಡಗಾಗಿ ಬಂದವರು ಅದೃಷ್ಟವನ್ನೇ ಬಂಡವಾಳವೆಂದು ನಂಬಿದವರು. 1861ರಲ್ಲಿ ಆರಂಭವಾದ ಮೆಲ್ಬರ್ನ್ ಕಪ್ ಇಂದಿಗೂ ನವೆಂಬರಿನ ಮೊದಲ ಮಂಗಳವಾರ ನಡೆಯುತ್ತದೆ. ಅಂದು ಮೆಲ್ಬರ್ನಿಗೆ ಸಾರ್ವಜನಿಕ ರಜೆ. ಮೊದಲ ಮಹಾಯುದ್ಧದ ಸೈನಿಕರು ಎರಡು ಕಾಸುಗಳನ್ನು ಚಿಮ್ಮಿ ‘ಟೂ-ಅಪ್’ ಆಡುತ್ತಿದ್ದರು. ಅವರ ನೆನಪಿನ ದಿನವಾದ ಏಪ್ರಿಲ್ 25ರಂದು ನ್ಯೂ ಸೌತ್ ವೇಲ್ಸಿನಲ್ಲಿ ಆ ಆಟಕ್ಕೆ ಕಾನೂನಿನ ಅನುಮತಿಯುಂಟು.

ಜನರ ಈ ಚಪಲವನ್ನು ಸರ್ಕಾರ ಮೆಲ್ಲಗೆ ತನ್ನ ಆದಾಯವಾಗಿಸಿಕೊಂಡಿತು. 1956ರಲ್ಲಿ ನ್ಯೂ ಸೌತ್ ವೇಲ್ಸಿನ ಕ್ಲಬ್ಬುಗಳಲ್ಲಿ ಜೂಜಿನ ಯಂತ್ರಗಳು ಸಕ್ರಮವಾದವು. 1961ರಲ್ಲಿ ವಿಕ್ಟೋರಿಯ ರಾಜ್ಯ ರೇಸಿನ ಬಾಜಿಗೆ ಊರೊಳಗೇ ಅಂಗಡಿ ತೆರೆಯಿತು. ಜಾರ್ಜ್ ಜೂಲಿಯಸ್ ಎಂಬ ಇಂಜಿನಿಯರನ ಕಥೆಯನ್ನೂ ಇಲ್ಲಿ ನೆನೆಯಬೇಕು. ಆತ ಮೊದಲು ಯೋಚಿಸಿದ್ದು ಮತ ಎಣಿಸುವ ಯಂತ್ರವನ್ನು. ಸರ್ಕಾರಕ್ಕೆ ಅದು ಬೇಡವಾಯಿತು. ಅದನ್ನೇ ಆತ ಬಾಜಿ ಎಣಿಸಲು ತಿದ್ದಿದ. 1913ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಅದು ಕೆಲಸಕ್ಕೆ ನಿಂತಿತು, ಮುಂದೆ ದೇಶದೇಶಗಳಿಗೆ ಹೋಯಿತು.

ಇದರ ಬೆಲೆ ತೆತ್ತವರಾರು? 1960ರಲ್ಲಿ ಆಪೆರಾ ಹೌಸ್ ಲಾಟರಿಯಲ್ಲಿ ಒಬ್ಬನಿಗೆ 1 ಲಕ್ಷ ಪೌಂಡು ಬಂತು. ಗೆದ್ದವರ ಹೆಸರು ವಿಳಾಸಗಳನ್ನು ಆಗ ಪತ್ರಿಕೆಗಳು ಅಚ್ಚುಹಾಕುತ್ತಿದ್ದವು. ಶಾಲೆಗೆ ಹೊರಟ ಅವನ ಎಂಟು ವರ್ಷದ ಮಗನನ್ನು ಹಣಕ್ಕಾಗಿ ಅಪಹರಿಸಿ ಕೊಂದರು. ಗೆದ್ದ ಮನೆಯ ಪಾಡು ಇದು. ಸೋತ ಮನೆಗಳ ಸುದ್ದಿ ಅಚ್ಚಾಗುವುದು ಕಡಿಮೆ. ಜೂಜಿನ ಯಂತ್ರಗಳಲ್ಲಿ ಜನ ಕಳೆದುಕೊಳ್ಳುವ ಹಣದಲ್ಲಿ ನೂರಕ್ಕೆ ಸುಮಾರು 40 ಪಾಲು ಚಟಕ್ಕೆ ಸಿಕ್ಕಿಬಿದ್ದವರದೆಂದು ಸರ್ಕಾರದ್ದೇ ಉತ್ಪಾದಕತಾ ಆಯೋಗ 2010ರಲ್ಲಿ ಅಂದಾಜು ಮಾಡಿತು. ತಲಾವಾರು ನಷ್ಟದಲ್ಲಿ ಆಸ್ಟ್ರೇಲಿಯನ್ನರನ್ನು ಜಗತ್ತಿನಲ್ಲೇ ಮೊದಲಿಗರೆಂದು ಗಣಿಸುತ್ತಾರೆ.

ಆಪೆರಾ ಹೌಸನ್ನು ನಾನು ಹಳಿಯಲಾರೆ. ಚೀಟಿ ಕೊಂಡ ಬಡವನಿಗೂ ಆ ಚೆಲುವಿನಲ್ಲಿ ಪಾಲಿದೆ. ಆದರೆ ಒಳ್ಳೆಯ ಕೆಲಸದ ನೆಪದಲ್ಲಿ ದಾಳ ಹಿಡಿದ ಕೈ, ಕೆಲಸ ಮುಗಿದ ಮೇಲೂ ಅದನ್ನು ಕೆಳಗಿಡಲಿಲ್ಲ. ಮೊಬೈಲಿನಲ್ಲೇ ಆಟಗಳ ಮೇಲೆ ಬಾಜಿ ಕಟ್ಟುವ ಕಾಲ ಬಂದಾಗ, 2023ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿಯೊಂದು ಅಂಥ ಜೂಜಿನ ಜಾಹೀರಾತುಗಳನ್ನು ಹಂತಹಂತವಾಗಿ ಪೂರ್ತಿ ನಿಲ್ಲಿಸಬೇಕೆಂದು ಶಿಫಾರಸು ಮಾಡಿತು. ವಿದುರ ಹಸ್ತಿನಾವತಿಯಲ್ಲೂ ಮಾತಾಡಿದ್ದ. ದೊರೆ ಮಾತ್ರ ಪಕ್ಕಕ್ಕೆ ಬಾಗಿ ‘ಗೆದ್ದೆವೆ?’ ಎಂದು ಕೇಳುತ್ತಿದ್ದ.