ಹೆಂಚು, ಮರ ಮತ್ತು ಉದ್ರಿ ಪುಸ್ತಕ: ನಮ್ಮ ಸೀಮೆಯ ಮನೆತನದ ಅಂಗಡಿಗಳು

ಬೆಳ್ಳಿಹಬ್ಬದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಹಳೇ ಮನೆಯ ಸೂರು. ಅಟ್ಟ ಹತ್ತಿ ನೋಡಿದರೆ ಹೆಂಚಿನ ಮೇಲೆ ಒತ್ತಿದ ಮಂಗಳೂರಿನ ಕಾರ್ಖಾನೆಯ ಹೆಸರು ಈಗಲೂ ಕಾಣುತ್ತದೆ. ಸಕಲೇಶಪುರ, ಆಲೂರು ಸೀಮೆಯ ಹಳೇ ಮನೆಗಳೆಲ್ಲ ಬಹುಪಾಲು ಹೀಗೇ. ಆ ಹೆಂಚನ್ನೂ ಅದನ್ನು ಹೊತ್ತ ಮರವನ್ನೂ ಒದಗಿಸಿದವರು ಅಪ್ಪ ಮಕ್ಕಳು ಸೇರಿ ನಡೆಸುತ್ತಿದ್ದ ಮರ-ಹೆಂಚಿನ ಅಂಗಡಿಯವರು. ಅವರ ಕಥೆಗೂ ನಮ್ಮ ಸಂಘಕ್ಕೂ ಸಂಬಂಧ ಉಂಟು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ನಮ್ಮಲ್ಲಿದ್ದದ್ದು ಹುಲ್ಲಿನ ಮನೆ, ಅನುಕೂಲಸ್ಥರದಾದರೆ ನಾಡಹೆಂಚಿನ ಮನೆ. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಎಂಬ ಜರ್ಮನಿಯವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. 1868ರಲ್ಲಿ ಮಂಗಳೂರಿನವರೇ ಆದ ಅಲ್ಬುಕರ್ಕ್ ಮನೆತನದವರ ಕಾರ್ಖಾನೆ ಬಂತು. ನೇತ್ರಾವತಿ, ಗುರುಪುರ ಹೊಳೆಗಳ ದಡದ ಜೇಡಿಮಣ್ಣು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಇಲ್ಲಿಂದ ಕಾಫಿ, ಏಲಕ್ಕಿ ಹೊತ್ತು ಘಾಟಿ ಇಳಿದ ಗಾಡಿಗಳು ಉಪ್ಪು, ಒಣಮೀನಿನ ಜೊತೆಗೆ ಹೆಂಚನ್ನೂ ಹೇರಿಕೊಂಡು ಹತ್ತತೊಡಗಿದವು.

ಇಲ್ಲೊಂದು ವಿಷಯ ಗಮನಿಸಬೇಕು. ನಾಡಹೆಂಚನ್ನು ಬಿದಿರಿನ ಮೇಲೋ ಸೊಟ್ಟಪಟ್ಟ ಗಳುವಿನ ಮೇಲೋ ಹೊದಿಸಬಹುದಿತ್ತು. ಮಂಗಳೂರು ಹೆಂಚು ಹಾಗಲ್ಲ. ಅದರ ಹಿಂದಿನ ಕೊಕ್ಕೆ ರೀಪಿಗೆ ಸಿಕ್ಕಿಕೊಳ್ಳಬೇಕು. ರೀಪು ನೇರವಾಗಿರಬೇಕು, ಒಂದರಿಂದ ಒಂದಕ್ಕೆ ಅಡಿಗಿಂತ ತುಸು ಹೆಚ್ಚು ಅಂತರ ಎಲ್ಲ ಕಡೆ ಒಂದೇ ಸಮ ಇರಬೇಕು. ಬೆರಳಷ್ಟು ತಪ್ಪಿದರೂ ಆಷಾಢದ ಮಳೆ ಒಳಗೆ. ಒಂದು ಚದರಕ್ಕೆ, ಅಂದರೆ ನೂರು ಚದರಡಿಗೆ, ಸುಮಾರು 150 ಹೆಂಚು ಬೇಕು. ಅಷ್ಟು ಭಾರ ತಡೆಯಲು ಒಳ್ಳೆಯ ತೊಲೆ, ಜಂತೆಯೂ ಬೇಕು. ಹೀಗೆ ಹೆಂಚು ಮಾರುವವನು ಕೊಯ್ದ ಮರವನ್ನೂ ಮಾರಲೇಬೇಕಾಯಿತು. ಹೆಂಚು ಮತ್ತು ಮರ ಒಂದೇ ಅಂಗಳಕ್ಕೆ ಬಂದದ್ದು ಹೀಗೆ.

ಮರಕ್ಕೆ ನಮ್ಮ ಸೀಮೆಯಲ್ಲಿ ಬರವಿರಲಿಲ್ಲ. ತೊಲೆಗೆ ನಂದಿ, ಮತ್ತಿ, ದಾರಂದಕ್ಕೆ ಹೊನ್ನೆ, ಬಾಗಿಲಿಗೆ ಹಲಸು. ಗರಗಸದವರು ತೋಟಕ್ಕೇ ಬಂದು ಗುಂಡಿ ತೋಡಿ, ಅದರ ಮೇಲೆ ದಿಮ್ಮಿ ಅಡ್ಡ ಇಟ್ಟು, ಒಬ್ಬ ಮೇಲೆ ಒಬ್ಬ ಕೆಳಗೆ ನಿಂತು ಕೊಯ್ಯುತ್ತಿದ್ದರು. ಕೆಳಗಿನವನ ತಲೆ, ಮೈಯೆಲ್ಲ ಹೊಟ್ಟು. ಆಮೇಲೆ ಮರ ಕೊಯ್ಯುವ ಮಿಲ್ಲುಗಳು ಬಂದವು. ಕರ್ನಾಟಕದ ಅನೇಕ ಊರುಗಳಲ್ಲಿ ಈ ಕಸುಬನ್ನು ಬೆಳೆಸಿದವರು ದೂರದ ಕಛ್‌ನಿಂದ ಬಂದ ಪಟೇಲ್ ಮನೆತನದವರು. ಅದೂ ಅಪ್ಪನಿಂದ ಮಗನಿಗೆ ಬಂದ ವ್ಯಾಪಾರವೇ.

ಆದರೆ ಈ ಅಂಗಡಿಗಳ ಜೀವ ಇದ್ದದ್ದು ಮರದಲ್ಲೂ ಅಲ್ಲ, ಹೆಂಚಿನಲ್ಲೂ ಅಲ್ಲ; ಉದ್ರಿ ಪುಸ್ತಕದಲ್ಲಿ. ಆಲೂರು ಕಡೆಯ ಗದ್ದೆಯವರಿಗೆ ಸುಗ್ಗಿ ಆದ ಮೇಲೆ ಕಾಸು. ಕಾಫಿಯವರ ಪಾಡು ಇನ್ನೂ ನಿಧಾನ. 1940ರ ದಶಕದಿಂದ 1990ರ ದಶಕದವರೆಗೆ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ ಕೊಡಬೇಕಿತ್ತು. ಹಣ ಕಂತು ಕಂತಾಗಿ ಬರುತ್ತಿತ್ತು. ಮಳೆ ಮಾತ್ರ ಕಂತು ಕಾಯುವುದಿಲ್ಲ. ನಮ್ಮ ತಂದೆಯವರು ಹಿಂಜರಿದಾಗ ಅಂಗಡಿಯ ಯಜಮಾನರು ಹೇಳಿದ್ದು ಮನೆಯಲ್ಲಿ ಇಂದಿಗೂ ಮಾತಾಗಿದೆ: "ದುಡ್ಡು ಬಂದಾಗ ಬರ್ಲಿ ಬಿಡಿ ಗೌಡ್ರೇ, ಮೊದ್ಲು ಸೂರು ಹೊದಿಸ್ಕೊಳಿ." ಹಾಗೆಂದು ಇವರು ಧರ್ಮಕ್ಕೆ ಕೊಟ್ಟರು ಅಂತಲ್ಲ. ನಗದಿನ ಬೆಲೆ ಬೇರೆ, ಉದ್ರಿಯ ಬೆಲೆ ಬೇರೆ. ತೋಟದಲ್ಲಿ ಮರ ಬಿದ್ದರೆ ಅವರಿಗೇ ಮೊದಲು ಹೇಳಬೇಕು. ಆದರೂ ಕಾಗದ, ಜಾಮೀನು ಇಲ್ಲದೆ ಮುಖ ನೋಡಿ ಸಾಲ ಕೊಟ್ಟವರು ಅವರೇ.

ಕಾಲ ಬದಲಾಯಿತು. 1976ರ ಮರಗಳ ಸಂರಕ್ಷಣಾ ಕಾಯ್ದೆಯಿಂದ ಸ್ವಂತ ಜಮೀನಿನ ಮರ ಕಡಿಯುವುದಕ್ಕೂ ಅಪ್ಪಣೆ ಬೇಕಾಯಿತು. ಸಿಲ್ವರ್ ಓಕ್‌ನಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಪರ್ಮಿಟ್ ಮೇಲೆ ಸಿಗುತ್ತಿದ್ದ ಸಿಮೆಂಟಿನ ನಿಯಂತ್ರಣ 1982ರಲ್ಲಿ ಅರ್ಧ, 1989ರಲ್ಲಿ ಪೂರ್ತಿ ಹೋಯಿತು. 1994ರಲ್ಲಿ ಬ್ರೆಜಿಲ್ ದೇಶದಲ್ಲಿ ಹಿಮ ಬಿದ್ದು ಕಾಫಿ ಬೆಲೆ ಏರಿದಾಗ ಕೈಯಲ್ಲಿ ದುಡ್ಡಿದ್ದವರು ಹೆಂಚು ಬಿಟ್ಟು ತಾರಸಿ ಹಾಕಿಸಿದರು. 1996ರ ಡಿಸೆಂಬರ್ 12ರಂದು ಗೋದವರ್ಮನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕಾಡಿನ ಮರ ಕಡಿತಕ್ಕೆ ದೇಶಕ್ಕೆಲ್ಲ ಬಿಗಿ ಕಟ್ಟಳೆ ಹಾಕಿತು. 2002ರಲ್ಲಿ ಪರವಾನಗಿ ಇಲ್ಲದ ಮಿಲ್ಲುಗಳಿಗೂ ತಡೆ ಬಂತು. ಕಾಡು ಉಳಿಯಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ. ಹೊಳೆ ಬತ್ತಿದರೆ ಯಾರ ಗದ್ದೆಯೂ ಉಳಿಯದು. ಅಂಗಡಿಗಳು ಸಿಮೆಂಟು, ಕಬ್ಬಿಣ, ಪ್ಲೈವುಡ್ಡಿಗೆ ತಿರುಗಿಕೊಂಡವು.

ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. 2000ದ ನಂತರ ಕಾಫಿ ಬೆಲೆ ನೆಲ ಕಚ್ಚಿತು. ಉದ್ರಿ ಪುಸ್ತಕದ ಬಾಕಿ ಬಾಕಿಯಾಗೇ ಉಳಿಯಿತು. ನಮ್ಮ ಮನೆಗೆ ಹೆಂಚು ಕೊಟ್ಟ ಅಂಗಡಿಯಲ್ಲಿ ಅಣ್ಣತಮ್ಮಂದಿರ ಪಾಲಾದಾಗ ಅಂಗಳ ಒಬ್ಬರಿಗೆ, ಮಿಲ್ಲು ಒಬ್ಬರಿಗೆ, ಪುಸ್ತಕ ಕಿರಿಯರಿಗೆ ಬಂತು. ಆ ಪುಸ್ತಕ ಹಿಡಿದುಕೊಂಡು ಅವರು ಮನೆ ಮನೆ ತಿರುಗಿದ್ದನ್ನು ನಾನೇ ಕಂಡಿದ್ದೇನೆ. ಕೆಲವರ ಹತ್ತಿರ ನಿಜಕ್ಕೂ ಇರಲಿಲ್ಲ. ಕೆಲವರ ಹತ್ತಿರ ಇತ್ತು. ಅಂಗಡಿ ಹೇಗೂ ಮುಚ್ಚುತ್ತದಲ್ಲ ಎಂದು ಕೊಡಲಿಲ್ಲ. ನಮ್ಮ ಮನೆಯ ಬಾಕಿಯೂ ಮೂರು ವರ್ಷ ತಡವಾಗಿ ಸಂದಿತು. ಅಷ್ಟರಲ್ಲಿ ಅಂಗಡಿ ಮುಚ್ಚಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ.

ಇಂದು ಮಂಗಳೂರಿನ ಹಲವು ಹೆಂಚಿನ ಕಾರ್ಖಾನೆಗಳು ಮುಚ್ಚಿವೆ. ನಮ್ಮ ತೋಟದ ಸಿಲ್ವರ್ ಓಕ್ ಪ್ಲೈವುಡ್ ಕಾರ್ಖಾನೆಗೆ ಹೋಗುತ್ತದೆ. ನವಮಂಗಳೂರು ಬಂದರಿಗೆ ಬಂದಿಳಿದ ಪರದೇಶದ ಮರ ನಮ್ಮ ಕಿಟಕಿ ಬಾಗಿಲಾಗಲು ಶಿರಾಡಿ ಘಾಟಿ ಹತ್ತುತ್ತದೆ.

ನಮ್ಮ ಸಂಘ ಹುಟ್ಟಿದ್ದೂ ಅದೇ ಕಾಫಿ ಕುಸಿತದ ದಿನಗಳಲ್ಲಿ. ಯಜಮಾನರು ಒಬ್ಬರೇ ಹೊತ್ತಿದ್ದ ಉದ್ರಿ ಪುಸ್ತಕವನ್ನು ಈಗ ನಾವೆಲ್ಲ ಷೇರುದಾರರು ಸೇರಿ ಹೊತ್ತಿದ್ದೇವೆ. ಅಲ್ಲಿ "ಬಾಕಿ" ಅನ್ನುತ್ತಿದ್ದರು, ಇಲ್ಲಿ "ಸುಸ್ತಿ" ಅನ್ನುತ್ತೇವೆ. ಅಂದು ಬಾಕಿ ಉಳಿಸಿಕೊಂಡಾಗ ಮುಳುಗಿದ್ದು ಒಂದು ಮನೆತನ. ಇಂದು ಉಳಿಸಿಕೊಂಡರೆ ಮುಳುಗುವುದು ನಮ್ಮದೇ ಮನೆ. ಬೆಳ್ಳಿಹಬ್ಬದ ಊಟ ಮುಗಿಸಿ ಮನೆಗೆ ಹೋದ ಸದಸ್ಯ ಬಾಂಧವರು ಒಮ್ಮೆ ತಲೆ ಎತ್ತಿ ಸೂರಿನ ಹೆಂಚು ನೋಡಬೇಕೆಂದು ಕೋರಿ, ಈ ನಾಲ್ಕು ಮಾತು ಮುಗಿಸುತ್ತೇನೆ.