ಮಹಾವೀರಾಚಾರ್ಯರ ಮಾವಿನ ಲೆಕ್ಕ

ಶ್ರೀನಿವಾಸಪುರವೆಂದರೆ ಮಾವು ಎಂಬುದು ನಿಮಗೆ ಗೊತ್ತೇ ಇದೆ. ಅಲ್ಲಿಯ ತರಗತಿಗಳಿಗೆ ಹೇಳಿ ಮಾಡಿಸಿದಂತಹ ಮಾವಿನ ಲೆಕ್ಕವೊಂದು ಹನ್ನೊಂದು ಶತಮಾನಗಳಿಗೂ ಹಿಂದೆಯೇ ಸಿದ್ಧವಾಗಿತ್ತು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಅದು ಇದೆ. ಅದರ ಸಾರಾಂಶ ಹೀಗೆ:

ಮಾವಿನಹಣ್ಣಿನ ರಾಶಿಯಲ್ಲಿ ರಾಜನು 1/6 ಭಾಗ ತೆಗೆದುಕೊಂಡ. ಉಳಿದುದರಲ್ಲಿ ರಾಣಿ 1/5 ಭಾಗ ತೆಗೆದುಕೊಂಡಳು. ಆಮೇಲೆ ಮೂವರು ರಾಜಕುಮಾರರು, ತಮ್ಮ ತಮ್ಮ ಸರದಿಯಲ್ಲಿ ಉಳಿದುದರ 1/4, 1/3 ಮತ್ತು 1/2 ಭಾಗ ತೆಗೆದುಕೊಂಡರು. ಕೊನೆಗೆ ಉಳಿದ 3 ಹಣ್ಣು ಕಿರಿಯ ಮಗುವಿಗೆ. ರಾಶಿಯಲ್ಲಿದ್ದ ಹಣ್ಣು ಎಷ್ಟು?

ಇದನ್ನು ಕಪ್ಪುಹಲಗೆಯ ಮೇಲೆ ಬರೆದು ನೋಡಿ. ಕೆಲವು ಮಕ್ಕಳು ಕೂಡಲೇ ಐದೂ ಭಿನ್ನರಾಶಿಗಳನ್ನು ಕೂಡಿಸುತ್ತಾರೆ. ಬರುವ ಮೊತ್ತ 29/20. ಇದ್ದ ರಾಶಿಗಿಂತ ಹಂಚಿದ್ದೇ ಹೆಚ್ಚಾಯಿತು! ತಪ್ಪಿದ್ದು ಸಂಕಲನದಲ್ಲಿ ಅಲ್ಲ, ‘ಉಳಿದುದರಲ್ಲಿ’ ಎಂಬ ಒಂದು ಪದವನ್ನು ಓದುವುದರಲ್ಲಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎನ್ನುವ ಮಕ್ಕಳು ಬಹಳ. ಅವರು ಎಡವಿದಾಗ ‘ಬೀಜಗಣಿತ ಬರುವುದಿಲ್ಲ’ ಎಂದು ಹಣೆಪಟ್ಟಿ ಹಚ್ಚುವ ಮುನ್ನ, ಲೆಕ್ಕವನ್ನು ಅವರ ಮನೆಮಾತಿನಲ್ಲಿ ಒಮ್ಮೆ ಹೇಳಿಸಿ.

ಹೀಗೆ ಮಾಡುವುದು ಹೊಸದೇನೂ ಅಲ್ಲ. ಮಹಾವೀರರ ಗ್ರಂಥವನ್ನು ಪಾವುಲೂರಿ ಮಲ್ಲನ ತೆಲುಗಿಗೆ ತಂದ. 12ನೇ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಕನ್ನಡದ ಮೊದಲ ಗಣಿತ ಗ್ರಂಥಕಾರನೆಂದು ಹೆಸರಾದವನು ಅವನು. ಲೆಕ್ಕ ಜನರ ಮಾತಿನಲ್ಲಿರಬೇಕು ಎಂಬುದು ಇಬ್ಬರಿಗೂ ತಿಳಿದಿತ್ತು.

ಈಗ ಬಿಡಿಸೋಣ. ಒಟ್ಟು ಹಣ್ಣು ‘ಎಕ್ಸ್’ ಆಗಿರಲಿ. ರಾಜ ತೆಗೆದುಕೊಂಡ ಮೇಲೆ ಉಳಿಯುವುದು 5/6 ಭಾಗ, ಅದರಲ್ಲಿ ರಾಣಿಯ ನಂತರ 4/5 ಭಾಗ. ಹೀಗೇ ಮುಂದುವರಿದರೆ:

ಎಕ್ಸ್ × 5/6 × 4/5 × 3/4 × 2/3 × 1/2 = 3

ಅಂಶ, ಛೇದಗಳು ಒಂದನ್ನೊಂದು ಹೊಡೆದುಹಾಕಿ ಉಳಿಯುವುದು ಎಕ್ಸ್/6 = 3. ಉತ್ತರ 18. ಪ್ರತಿಯೊಬ್ಬರಿಗೂ ಮೂರು ಮೂರೇ ಹಣ್ಣು! ಮಹಾವೀರರಿಗೆ ಇಲ್ಲಿ ಅಕ್ಷರ ಬೇಕಾಗಲಿಲ್ಲ. ಪ್ರತಿ ಭಾಗವನ್ನೂ ಒಂದರಿಂದ ಕಳೆದು, ಬಂದವನ್ನು ಗುಣಿಸಿ, ಆ ಗುಣಲಬ್ಧದಿಂದ ಕೊನೆಯ ಉಳಿಕೆಯನ್ನು ಭಾಗಿಸಿ ಎಂಬುದು ಅವರ ಸೂತ್ರ. ಮುಂದೆ ಭಾಸ್ಕರಾಚಾರ್ಯರು ಅವ್ಯಕ್ತ ರಾಶಿಯನ್ನು ‘ಯಾವತ್ತಾವತ್’, ಅಂದರೆ ‘ಎಷ್ಟೋ ಅಷ್ಟು’ ಎಂದು ಕರೆದು ‘ಯಾ’ ಎಂದು ಚಿಕ್ಕದಾಗಿಸಿದರು. ಇಂದಿನ ‘ಎಕ್ಸ್’ ಬಳಕೆಗೆ ಬಂದದ್ದು 1637ರ ಡೆಕಾರ್ಟ್‌ನ ಪುಸ್ತಕದಿಂದ. ನನ್ನ ಮಟ್ಟಿಗೆ, ಮಕ್ಕಳಿಗೆ ‘ಎಷ್ಟೋ ಅಷ್ಟು’ ಎಂಬ ಮಾತೇ ಮೊದಲು ಸಿಗಬೇಕು.

ಇನ್ನೊಂದು ಲೆಕ್ಕ, ಅದೇ ಗ್ರಂಥದ್ದು. ಮೂವರು ವ್ಯಾಪಾರಿಗಳಿಗೆ ದಾರಿಯಲ್ಲಿ ಹಣದ ಚೀಲವೊಂದು ಕಂಡಿತು. ಮೊದಲನೆಯವ, “ಚೀಲ ನನಗೆ ಸಿಕ್ಕರೆ ನನ್ನ ಹಣ ನಿಮ್ಮಿಬ್ಬರದರ ಎರಡರಷ್ಟು” ಎಂದ. ಎರಡನೆಯವ “ನನಗೆ ಸಿಕ್ಕರೆ ಮೂರರಷ್ಟು”, ಮೂರನೆಯವ “ನನಗಾದರೆ ಐದರಷ್ಟು” ಎಂದರು. ಅವರ ಬಳಿ ಕ್ರಮವಾಗಿ 1, 3, 5 ನಾಣ್ಯ, ಚೀಲದಲ್ಲಿ 15. ತಾಳೆ ನೋಡಿ. ಆದರೆ 2, 6, 10 ಮತ್ತು 30 ಕೂಡ ಸರಿಹೊಂದುತ್ತವೆ. ಅವ್ಯಕ್ತಗಳು ನಾಲ್ಕು, ಸಮೀಕರಣಗಳು ಮೂರೇ. ವ್ಯಾಪಾರಿಗಳನ್ನು ಕೋಲಾರದ ಟೊಮೆಟೊ ಮಂಡಿಗೆ ಕರೆತಂದು, ನಾಳೆ ತರಗತಿಯಲ್ಲಿ ಕೇಳಿ ನೋಡಿ.