ಸ್ಕಾಟ್ಲೆಂಡಿನ ಪೀಬ್ರೋಖ್ ಸಂಗೀತವೂ ಉತ್ಸವಸ್ಪರ್ಧೆಗಳೂ

ಕ್ರಿ. ಶ. 1781ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಸ್ಕಾಟ್ಲೆಂಡಿನ ಫಾಲ್ಕರ್ಕ್ ಎಂಬಲ್ಲಿ ನಡೆದ ದನಗಳ ಜಾತ್ರೆಯ ಕಾಲದಲ್ಲಿ ಒಂದು ಅಪೂರ್ವವಾದ ಪರೀಕ್ಷೆ ನಡೆಯಿತು. ಉತ್ತರದ ಬೆಟ್ಟನಾಡಾದ ಹೈಲ್ಯಾಂಡಿನಿಂದ ದನಗಳನ್ನು ಹೊಡೆದುಕೊಂಡು ಬಂದ ಜನರ ನಡುವೆ ಆ ನಾಡಿನ ವಾದಕರು ತಮ್ಮ ಬ್ಯಾಗ್‌ಪೈಪುಗಳನ್ನು ಹೊತ್ತು ಬಂದು, ಒಬ್ಬರಾದಮೇಲೊಬ್ಬರಂತೆ ಪರೀಕ್ಷಕರ ಮುಂದೆ ನುಡಿಸಿದರು. ಇದನ್ನು ಏರ್ಪಡಿಸಿದುದು 1778ರಲ್ಲಿ ಸ್ಥಾಪಿತವಾಗಿದ್ದ ಲಂಡನ್ನಿನ ಹೈಲ್ಯಾಂಡ್ ಸೊಸೈಟಿ ಎಂಬ ಸಂಘ. ಮೊದಲನೆಯ ಬಹುಮಾನವನ್ನು ಪಡೆದವನು ಪ್ಯಾಟ್ರಿಕ್ ಮ್ಯಾಗ್ರೆಗರ್. ಇಂದು ಇನ್ವರ್ನೆಸ್, ಓಬನ್ ಮೊದಲಾದ ಪಟ್ಟಣಗಳಲ್ಲಿ ವರ್ಷಂಪ್ರತಿ ನಡೆಯುವ ವಾದ್ಯೋತ್ಸವಗಳ ವಂಶವೃಕ್ಷಕ್ಕೆ ಈ ಜಾತ್ರೆಯೇ ಬೇರು.

ಆ ಉತ್ಸವಗಳು ಪ್ರಾಚೀನಸಂಗೀತವನ್ನು ಅಳಿವಿನಿಂದ ಕಾಪಾಡಿದುವೆಂಬುದು ಬಹುಕಾಲದಿಂದ ರೂಢಿಯಲ್ಲಿರುವ ಮತ. ಕಾಪಾಡಿದುದು ನಿಜವೆ, ಕಾಪಾಡುವ ನೆಪದಲ್ಲಿ ಮಾರ್ಪಡಿಸಿದುದೆಷ್ಟು ಎಂಬ ಪ್ರಶ್ನೆಯನ್ನು ಈಚಿನ ವಿದ್ವಾಂಸರು ಎತ್ತಿದ್ದಾರೆ. ಬಾಯಿಂದ ಬಾಯಿಗೆ ಬಂದ ವಿದ್ಯೆ ಬರಹಕ್ಕೆ ಇಳಿದಾಗ ಅದಕ್ಕೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಯೂರೋಪಿನಲ್ಲಿ ಸಿಕ್ಕುವುದು ಕಷ್ಟವಾದುದರಿಂದ ವಿಷಯವು ವಿಚಾರಾರ್ಹವಾಗಿದೆ.

ಮೊದಲು ಹೆಸರಿನ ಮಾತು. ಇಂದಿನ ಉತ್ಸವಪತ್ರಿಕೆಗಳಲ್ಲಿ ಇದನ್ನು ಕೆಲ್ಟಿಕ್ ಸಂಗೀತವೆಂದು ಬರೆಯುತ್ತಾರೆ. ಆದರೆ ಹೈಲ್ಯಾಂಡಿನ ಜನರು ತಮ್ಮನ್ನು ಗೇಲರೆಂದು ಹೇಳಿಕೊಂಡರೇ ಹೊರತು ಕೆಲ್ಟರೆಂದಲ್ಲ. ಗ್ರೀಕರ ಗ್ರಂಥಗಳಲ್ಲಿದ್ದ ಆ ಪದವನ್ನು ಐರ್ಲೆಂಡ್, ವೇಲ್ಸ್, ಬ್ರಿಟನಿ, ಸ್ಕಾಟ್ಲೆಂಡ್‌ಗಳ ಭಾಷಾಕುಟುಂಬಕ್ಕೆ ಹೊಂದಿಸಿ ಪ್ರಚಾರಕ್ಕೆ ತಂದುದರಲ್ಲಿ 1707ರಲ್ಲಿ ಎಡ್ವರ್ಡ್ ಲ್ಹೂಯಿಡ್ ಪ್ರಕಟಿಸಿದ ಗ್ರಂಥದ ಪಾತ್ರ ದೊಡ್ಡದು. ಆದುದರಿಂದ ಈ ಹೆಸರು ಪಂಡಿತರು ಕೊಟ್ಟದ್ದು, ವಾದಕರು ಇಟ್ಟುಕೊಂಡದ್ದಲ್ಲ.

ವಾದಕರು ತಮ್ಮ ಸಂಗೀತವನ್ನು ಎರಡಾಗಿ ವಿಂಗಡಿಸುತ್ತಾರೆ. ನಡಿಗೆಯ ಪದಗಳೂ ಕುಣಿತದ ಮಟ್ಟುಗಳೂ ಕಿರಿಯ ಸಂಗೀತ. ವಿಸ್ತಾರವಾದ ಗಂಭೀರರಚನೆಗಳು ಹಿರಿಯ ಸಂಗೀತ. ಈ ಎರಡನೆಯದಕ್ಕೇ ಪೀಬ್ರೋಖ್ ಎಂದು ಹೆಸರು. ಗೇಲಿಕ್ ಭಾಷೆಯಲ್ಲಿ ಆ ಪದಕ್ಕೆ ಬರಿದೆ ಪೈಪು ಊದುವಿಕೆಯೆಂದೇ ಅರ್ಥ. ರಚನೆಯ ಮೊದಲ ಭಾಗಕ್ಕೆ ಊರ್ಲರ್ ಎಂದು ಹೆಸರು. ನೆಲ ಅಥವಾ ನೆಲಗಟ್ಟು ಎಂದು ಅದರ ಅರ್ಥ. ಆ ನೆಲಗಟ್ಟಿನ ಮುಖ್ಯಸ್ವರಗಳನ್ನು ಉಳಿಸಿಕೊಂಡು ಒಂದರಮೇಲೊಂದಾಗಿ ಭೇದಗಳು ಏರುತ್ತವೆ. ಅಲಂಕಾರವು ಹೆಜ್ಜೆಹೆಜ್ಜೆಗೂ ದಟ್ಟವಾಗಿ, ಕೊನೆಗೆ ಕ್ರೂನ್‌ಲುಅ ಎಂಬ ಅತ್ಯಂತ ಕ್ಲಿಷ್ಟವಾದ ಬೆರಳಾಟವನ್ನು ಮುಟ್ಟಿ, ವಾದಕನು ಮತ್ತೆ ನೆಲಗಟ್ಟಿಗೇ ಇಳಿಯುತ್ತಾನೆ. ಒಂದು ರಚನೆಗೆ ಹತ್ತು ಹದಿನೈದು ನಿಮಿಷಗಳು ಹಿಡಿಯುವುದು ಸಾಮಾನ್ಯ.

ಅಲಂಕಾರವೇ ಇಲ್ಲಿ ಪ್ರಾಣವಾಗಿರುವುದಕ್ಕೆ ವಾದ್ಯದ ಸ್ವರೂಪವು ಕಾರಣ. ಚರ್ಮದ ತಿತ್ತಿಯಲ್ಲಿ ತುಂಬಿದ ಗಾಳಿಯನ್ನು ವಾದಕನು ತೋಳಿನಿಂದ ಒತ್ತುತ್ತಿರುವುದರಿಂದ ನಾದವು ಎಡೆಬಿಡದೆ ಹರಿಯುತ್ತದೆ. ಹೆಗಲಮೇಲಣ ಮೂರು ಕೊಳವೆಗಳು ಶ್ರುತಿಯನ್ನು ಹಿಡಿದಿರುತ್ತವೆ. ಬೆರಳಾಡಿಸುವ ಕೊಳವೆಯಲ್ಲಿ ಒಂಬತ್ತೇ ಸ್ವರಗಳು. ನಾದವನ್ನು ಮೆಲ್ಲಗೆ ಮಾಡಲು ಬಾರದು, ಜೋರುಮಾಡಲು ಬಾರದು, ನಡುವೆ ನಿಲ್ಲಿಸಲು ಬಾರದು. ಒಂದೇ ಸ್ವರವನ್ನು ಎರಡು ಸಲ ನುಡಿಸಬೇಕಾದರೂ ನಡುವೆ ಬೇರೊಂದು ಸ್ವರವನ್ನು ಕ್ಷಣಮಾತ್ರ ಸೋಕಿಸಿ ಕಡಿಯಲೇಬೇಕು. ಹೀಗೆ ಸೋಕುಸ್ವರಗಳೂ, ಯಾವ ಸ್ವರದಮೇಲೆ ಎಷ್ಟು ಹೊತ್ತು ನಿಲ್ಲಬೇಕೆಂಬ ಕಾಲಪ್ರಮಾಣವೂ ಸೇರಿ ಭಾವವನ್ನು ಹುಟ್ಟಿಸುತ್ತವೆ. ಈ ಕಾಲಪ್ರಮಾಣವನ್ನು ಬರಹದಲ್ಲಿ ಹಿಡಿಯುವುದು ಬಹು ಕಷ್ಟ. ಮುಂದಿನ ವಿವಾದಕ್ಕೆಲ್ಲ ಇದೇ ಮೂಲ.

ಈ ವಿದ್ಯೆಯನ್ನು ಹಿಂದೆ ಬೆಳೆಸಿದವರು ಕುಲಪತಿಗಳ ಆಶ್ರಯದಲ್ಲಿದ್ದ ವಾದಕವಂಶಗಳು. ಸ್ಕೈ ದ್ವೀಪದ ಡನ್‌ವೇಗನ್ ಕೋಟೆಯ ಮ್ಯಾಕ್‌ಲೌಡರಲ್ಲಿ ಮ್ಯಾಕ್ರಿಮನ್ ಮನೆತನದವರು ವಂಶಪಾರಂಪರ್ಯವಾಗಿ ಆಸ್ಥಾನವಾದಕರು. ಬೋರೆರೇಗ್ ಎಂಬಲ್ಲಿ ಅವರಿಗೆ ಉಂಬಳಿಯ ಭೂಮಿಯಿತ್ತು. ದೂರದೂರದ ಕುಲಪತಿಗಳು ತಮ್ಮ ವಾದಕರನ್ನು ಅಲ್ಲಿಗೆ ಶಿಷ್ಯವೃತ್ತಿಗೆ ಕಳುಹುತ್ತಿದ್ದರು. ಮ್ಯಾಕ್‌ಡೊನಾಲ್ಡರಲ್ಲಿ ಮ್ಯಾಕಾರ್ಥರರೂ, ಮಲ್ ದ್ವೀಪದಲ್ಲಿ ರಾಂಕಿನ್ನರೂ ಇಂತಹವರೇ. 1773ರಲ್ಲಿ ಈ ದ್ವೀಪಗಳನ್ನು ಸಂಚರಿಸಿದ ಡಾಕ್ಟರ್ ಜಾನ್ಸನ್ನನು ಸ್ಕೈಯ ವಾದಕಶಾಲೆಯು ಇನ್ನೂ ಪೂರ್ತಿಯಾಗಿ ಅಳಿದಿಲ್ಲವೆಂದೂ, ಮಲ್‌ನ ಶಾಲೆಯು ಕೆಲವು ವರ್ಷಗಳ ಹಿಂದೆಯೇ ಮುಚ್ಚಿತೆಂದೂ ಬರೆದಿಟ್ಟಿದ್ದಾನೆ.

ಅಳಿವಿಗೆ ಕಾರಣವೇನು? 1746ರ ಕಲ್ಲೋಡನ್ ಯುದ್ಧದ ಬಳಿಕ ಇಂಗ್ಲಿಷರ ಸರಕಾರವು ಬ್ಯಾಗ್‌ಪೈಪನ್ನು ಕಾನೂನಿನಿಂದ ನಿಷೇಧಿಸಿತೆಂಬ ಕಥೆಯು ಇಂದಿಗೂ ಅನೇಕ ಪುಸ್ತಕಗಳಲ್ಲಿ ಕಾಣುತ್ತದೆ. ಇದು ನಿರಾಧಾರವಾದುದು. ಆ ವರ್ಷದ ಶಾಸನವು ಆಯುಧಗಳನ್ನೂ ಹೈಲ್ಯಾಂಡಿನ ಉಡುಪನ್ನೂ ನಿಷೇಧಿಸಿತು; ವಾದ್ಯದ ಹೆಸರು ಅದರಲ್ಲಿಲ್ಲ. ಜೇಮ್ಸ್ ರೀಡ್ ಎಂಬ ವಾದಕನನ್ನು ಅದೇ ವರ್ಷ ಯಾರ್ಕ್ ನಗರದಲ್ಲಿ ಗಲ್ಲಿಗೇರಿಸಿದುದು ನಿಜ. ಹೈಲ್ಯಾಂಡಿನ ದಂಡು ವಾದಕನಿಲ್ಲದೆ ನಡೆಯುವುದಿಲ್ಲವಾದುದರಿಂದ ಅವನ ವಾದ್ಯವೂ ಯುದ್ಧಸಾಧನವೇ ಎಂದು ನ್ಯಾಯಸ್ಥಾನವು ತೀರ್ಮಾನಿಸಿತು. ಆದರೆ ದಂಗೆಯಲ್ಲಿ ಸೇರಿದವನಿಗೆ ವಿಧಿಸಿದ ಶಿಕ್ಷೆ ಬೇರೆ, ವಾದ್ಯವನ್ನೇ ನಿಷೇಧಿಸುವುದು ಬೇರೆ. ಜಾನ್ ಗಿಬ್ಸನ್ 1998ರಲ್ಲಿಯೂ ವಿಲಿಯಂ ಡೊನಾಲ್ಡ್‌ಸನ್ 2000ದಲ್ಲಿಯೂ ಪ್ರಕಟಿಸಿದ ಗ್ರಂಥಗಳಿಂದ ಈ ವಿಷಯವು ಇತ್ಯರ್ಥವಾಗಿದೆ. ನಿಜವಾದ ಕಾರಣವು ಇಷ್ಟು ನಾಟಕೀಯವಲ್ಲ. ಕುಲಪತಿಗಳು ತಮ್ಮ ಪರಂಪರಾಗತವಾದ ಅಧಿಕಾರಗಳನ್ನು ಕಳೆದುಕೊಂಡು ಬರಿಯ ಜಮೀನುದಾರರಾದರು. ಗೇಣಿಯ ಹಣವನ್ನು ಲೆಕ್ಕಹಾಕುವ ಯಜಮಾನನಿಗೆ ಉಂಬಳಿಯ ವಾದಕನು ಹೊರೆಯಾದನು.

ಆಶ್ರಯ ತಪ್ಪಿದ ವಾದಕರಲ್ಲಿ ಹಲವರು ಸೈನ್ಯವನ್ನು ಸೇರಿದರು. ಇಲ್ಲಿ ಕನ್ನಡನಾಡಿನ ಚರಿತ್ರೆಯ ಅಂಚು ಈ ಕಥೆಗೆ ತಗಲುತ್ತದೆ. ಫಾಲ್ಕರ್ಕ್ ಪರೀಕ್ಷೆಗೆ ಕೆಲವೇ ತಿಂಗಳು ಮುಂಚೆ, 1781ನೆಯ ಜುಲೈ 1ರಂದು, ಪೋರ್ಟೊನೋವೋ ಎಂದು ಯೂರೋಪಿಯನ್ನರು ಕರೆದ ಪರಂಗಿಪೇಟೆಯಲ್ಲಿ ಹೈದರಾಲಿಯ ಸೇನೆಗೂ ಸರ್ ಐರ್ ಕೂಟನ ಸೇನೆಗೂ ಕಾಳಗವಾಯಿತು. ಬ್ಯಾಗ್‌ಪೈಪನ್ನು ಮೊದಲು ಅನಾಗರಿಕಕಾಲದ ಅವಶೇಷವೆಂದು ಕಡೆಗಣಿಸಿದ್ದ ಕೂಟನು, ಆ ದಿನ ಹೈಲ್ಯಾಂಡ್ ದಳದ ವಾದಕನ ಧೈರ್ಯವನ್ನು ಮೆಚ್ಚಿ, ಬೆಳ್ಳಿಯ ವಾದ್ಯವನ್ನು ಮಾಡಿಸಲು 50 ಪೌಂಡುಗಳನ್ನು ಕೊಟ್ಟನೆಂದು ಡೇವಿಡ್ ಸ್ಟೂಅರ್ಟನು 1822ರಲ್ಲಿ ಪ್ರಕಟಿಸಿದ ಹೈಲ್ಯಾಂಡ್ ದಳಗಳ ಚರಿತ್ರೆಯಲ್ಲಿದೆ. 1783ರಲ್ಲಿ ಟಿಪ್ಪು ಸುಲ್ತಾನನು ಮಂಗಳೂರನ್ನು ಮುತ್ತಿದಾಗ ಕೋಟೆಯೊಳಗಿದ್ದವರಲ್ಲಿಯೂ ಒಂದು ಹೈಲ್ಯಾಂಡ್ ದಳವಿತ್ತು. ಸ್ವದೇಶದಲ್ಲಿ ಉಂಬಳಿಯನ್ನು ಕಳೆದುಕೊಂಡ ವಿದ್ಯೆಗೆ ಪರದೇಶದ ರಣಭೂಮಿಯಲ್ಲಿ ಬೆಲೆ ಬಂದಿತೆಂಬುದು ವಿಚಿತ್ರವಾದರೂ ನಿಜ.

ಭಾರತದ ನಂಟು ಇನ್ನೊಂದುಂಟು. ಅದು ಇದಕ್ಕಿಂತಲೂ ಮಹತ್ವದ್ದು. ಸದರ್ಲೆಂಡ್ ಪ್ರಾಂತದ ಪಾದ್ರಿಯೊಬ್ಬನ ಮಗನಾದ ಜೋಸೆಫ್ ಮ್ಯಾಕ್‌ಡೊನಾಲ್ಡ್ ಎಂಬ ತರುಣನು 1760ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಉದ್ಯೋಗಕ್ಕಾಗಿ ಹಡಗನ್ನೇರಿದನು. ಸಮುದ್ರಯಾನದಲ್ಲಿ ಅವನು ತನ್ನ ನಾಡಿನ ಈ ವಾದ್ಯದ ಲಕ್ಷಣಗ್ರಂಥವನ್ನು ಬರೆದನು. ಕೆಲವೇ ವರ್ಷಗಳಲ್ಲಿ, ಇಪ್ಪತ್ತೈದು ತುಂಬುವ ಮೊದಲೇ, ಬಂಗಾಳದಲ್ಲಿ ಜ್ವರದಿಂದ ತೀರಿಕೊಂಡನು. ಹಸ್ತಪ್ರತಿಯು ಸರ್ ಜಾನ್ ಮ್ಯಾಗ್ರೆಗರ್ ಮರೇ ಎಂಬ ಸೈನ್ಯಾಧಿಕಾರಿಯ ಕೈಗೆ ಸಿಕ್ಕಿ ಸ್ವದೇಶಕ್ಕೆ ಮರಳಿತು. ಜೋಸೆಫನ ಅಣ್ಣನು ಅದನ್ನು 1803ರಲ್ಲಿ ಅಚ್ಚುಹಾಕಿಸಿದನು. ಸ್ಪರ್ಧೆಗಳು ಹುಟ್ಟುವುದಕ್ಕೆ ಮುಂಚಿನ ವಾದನಕ್ರಮಕ್ಕೆ ಈ ಗ್ರಂಥಕ್ಕಿಂತ ಹಿರಿಯ ಸಾಕ್ಷಿ ಇಲ್ಲ. ಇದರಲ್ಲಿ ಹೇಳಿರುವ ಅಲಂಕಾರಗಳಲ್ಲಿ ಕೆಲವು ಅನಂತರದ ಉತ್ಸವಗಳಲ್ಲಿ ಕೇಳಬರಲಿಲ್ಲ. ಪರಂಪರೆಯು ಒಂದಿಷ್ಟೂ ಚ್ಯುತಿಯಿಲ್ಲದೆ ಬಂದಿತೆಂಬ ವಾದಕ್ಕೆ ಇದೊಂದೇ ಸಾಕಷ್ಟು ಬಾಧಕವಾಗಿದೆ.

ಫಾಲ್ಕರ್ಕಿನಲ್ಲಿ ಆರಂಭವಾದ ಸ್ಪರ್ಧೆಯು ಬೇಗನೆ ಎಡಿನ್‌ಬರೋ ರಾಜಧಾನಿಗೆ ಬಂದು, 1844ರ ವರೆಗೆ ಅಲ್ಲಿಯೇ ನಡೆಯಿತು. 1784ರಲ್ಲಿ ಫ್ರಾನ್ಸಿನ ಭೂಶಾಸ್ತ್ರಜ್ಞನಾದ ಫೊಝಾ ದ ಸೇಂ-ಫೋಂ ಅಲ್ಲಿಗೆ ಬಂದಿದ್ದಾಗ, ಅರ್ಥಶಾಸ್ತ್ರದ ಆಚಾರ್ಯನಾದ ಆಡಂ ಸ್ಮಿತ್ತನು ಅವನನ್ನು ಈ ಸಭೆಗೆ ಕರೆದೊಯ್ದನು. ಕೇಳಿದುದೆಲ್ಲ ಅತಿಥಿಗೆ ಕರ್ಕಶವಾದ ಗದ್ದಲವಾಗಿ ತೋರಿತು. ರಾಗದ ಎಳೆಯೇ ಅವನಿಗೆ ಸಿಕ್ಕಲಿಲ್ಲ. ಆದರೆ ಸುತ್ತಲೂ ಕುಳಿತವರ ಕಣ್ಣಿನಲ್ಲಿ ನೀರಿದ್ದುದನ್ನು ಕಂಡು ಬೆರಗಾಗಿ ಅದನ್ನೂ ಮರೆಮಾಚದೆ ಬರೆದನು. ತನಗೆ ರುಚಿಸದುದನ್ನು ಹೀಗೆ ನ್ಯಾಯವಾಗಿ ವರ್ಣಿಸಿದ ಪ್ರವಾಸಿಗಳು ವಿರಳ. ಕೇಳುವವನ ಸಂಸ್ಕಾರವಿಲ್ಲದೆ ರಸವಿಲ್ಲವೆಂದು ನಮ್ಮ ಆಲಂಕಾರಿಕರು ಹೇಳುವುದಕ್ಕೆ ಇದು ಒಳ್ಳೆಯ ಉದಾಹರಣೆ.

ಆದರೆ ಆ ಸಂಸ್ಕಾರವು ಪರೀಕ್ಷಕರಲ್ಲಿತ್ತೆ? ಪೀಠದಲ್ಲಿ ಕುಳಿತವರಲ್ಲಿ ಬಹುಮಂದಿ ಭೂಮಾಲಿಕರು, ಸೈನ್ಯಾಧಿಕಾರಿಗಳು. ವಾದ್ಯವನ್ನು ಕೈಯಲ್ಲಿ ಹಿಡಿದವರಲ್ಲ. ನಗರದ ಸಭಿಕರಿಗೆ ಬೇಸರವಾಗದಿರಲೆಂದು ವಾದನದ ನಡುನಡುವೆ ಕುಣಿತವನ್ನು ಇಡಬೇಕಾಯಿತು. ಈ ಅಂತರವು ಹೊರಬಿದ್ದುದು 1816ರ ಸ್ಪರ್ಧೆಯಲ್ಲಿ. ಜಾನ್ ಕ್ಯಾಂಬೆಲ್ ಎಂಬ ವಾದಕನು ತನ್ನ ತಂದೆ ಕಾಲಿನ್ ಕ್ಯಾಂಬೆಲ್ ಬರೆದಿಟ್ಟ ಒಂದು ಸಂಪುಟವನ್ನು ತಂದು ಒಪ್ಪಿಸಿದನು. ನೋಡಿದರೆ ಅದರಲ್ಲಿ ಸ್ವರಲಿಪಿಯೇ ಇಲ್ಲ. ಯಾವುದೋ ಅಪರಿಚಿತ ಭಾಷೆಯ ಕಥೆಯಂತೆ ಸಾಲುಸಾಲಾಗಿ ಅಕ್ಷರಗಳಿದ್ದವು. ಅದು ಗೇಲಿಕ್ ಕೂಡ ಅಲ್ಲವೆಂದು ಪರೀಕ್ಷಕರು ಕೈಚೆಲ್ಲಿದರು. ಗ್ಲಾಸ್ಗೋದ ವಾದ್ಯ ತಯಾರಕನೊಬ್ಬನಿಗೆ ಮಾತ್ರ ಅದರ ಮರ್ಮವು ತಿಳಿಯಿತು.

ಮರ್ಮವೆಂದರೆ ಇಷ್ಟೆ. ಗುರುಗಳು ಶಿಷ್ಯರಿಗೆ ಕಲಿಸುತ್ತಿದ್ದುದು ಹಾಡಿನ ಮೂಲಕ. ಒಂದೊಂದು ಸ್ವರಕ್ಕೂ ಒಂದೊಂದು ಅಲಂಕಾರಕ್ಕೂ ಹಿನ್, ಹೋ, ಹಿಹರಿನ್ ಮುಂತಾದ ಗೊತ್ತಾದ ಅಕ್ಷರಗಳಿದ್ದವು. ಕ್ಯಾಂಟರಾಖ್ ಎಂದು ಇದಕ್ಕೆ ಹೆಸರು. ಮೃದಂಗದ ಸೊಲ್ಲುಗಳನ್ನು ಬಾಯಲ್ಲಿ ಹೇಳಿ ಕೈಗೆ ಇಳಿಸುವವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಕಾಲಿನ್ ಕ್ಯಾಂಬೆಲ್ಲನು ಆ ಬಾಯಿಪಾಠವನ್ನೇ 1797ರ ಸುಮಾರಿಗೆ ಅಕ್ಷರಕ್ಕೆ ಇಳಿಸಿದ್ದನು. ಅವನ ಎರಡು ಸಂಪುಟಗಳು ಇಂದು ಎಡಿನ್‌ಬರೋದ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಸುಮಾರು 170 ರಚನೆಗಳು ಅವುಗಳಲ್ಲಿ ಸೇರಿವೆ. ಮೂರನೆಯ ಸಂಪುಟವು ಕಳೆದುಹೋಯಿತು. ವಿದ್ಯೆಯನ್ನು ಉದ್ಧರಿಸಲು ಕುಳಿತ ಸಭೆಗೆ ಆ ವಿದ್ಯೆಯ ಸ್ವಂತ ಲಿಪಿಯೇ ತಿಳಿಯದೆಹೋದುದು ಶೋಚನೀಯ.

ಸೊಸೈಟಿಯವರು ಪ್ರೋತ್ಸಾಹಿಸಿದುದು ಐದು ಗೆರೆಗಳ ಯೂರೋಪಿಯನ್ ಸ್ವರಲಿಪಿಯನ್ನು. ಅದರಲ್ಲಿ ಬರೆದು ತಂದವರಿಗೆ ಬಹುಮಾನಗಳನ್ನೂ ಕೊಟ್ಟರು. 1838ರಲ್ಲಿ ಆಂಗಸ್ ಮ್ಯಾಕೇ ಪ್ರಕಟಿಸಿದ 61 ರಚನೆಗಳ ಸಂಗ್ರಹವು ಈ ಮಾರ್ಗದ ಶಿಖರ. ಅವನು ರಾಸೇ ದ್ವೀಪದ ಪ್ರಸಿದ್ಧ ವಾದಕನ ಮಗ. 1843ರಲ್ಲಿ ವಿಕ್ಟೋರಿಯಾ ರಾಣಿಯ ಮೊದಲನೆಯ ಆಸ್ಥಾನವಾದಕನಾದನು. ಬಳಿಕ ಬುದ್ಧಿಭ್ರಮಣೆಗೆ ಒಳಗಾಗಿ, 1859ರಲ್ಲಿ ನಿತ್ ನದಿಯಲ್ಲಿ ಮುಳುಗಿ ಸತ್ತನು. ಅವನ ಪುಸ್ತಕವು ಕ್ರಮೇಣ ಪ್ರಮಾಣಗ್ರಂಥವಾಯಿತು. 1903ರಲ್ಲಿ ಸ್ಥಾಪಿತವಾದ ಪೀಬ್ರೋಖ್ ಸೊಸೈಟಿಯು ಸ್ಪರ್ಧೆಗಳಿಗೆ ನಿಯತ ರಚನೆಗಳನ್ನೂ ಅವುಗಳ ಪಾಠಗಳನ್ನೂ ಗೊತ್ತುಮಾಡತೊಡಗಿದಮೇಲೆ, ಅಚ್ಚಾದ ಪಾಠಕ್ಕೆ ಹೊರತಾಗಿ ನುಡಿಸಿದವನಿಗೆ ಬಹುಮಾನ ದೊರೆಯುವುದು ದುರ್ಲಭವಾಯಿತು. ಡೊನಾಲ್ಡ್‌ಸನ್ನನ ಆಕ್ಷೇಪವು ಮುಖ್ಯವಾಗಿ ಇದರಮೇಲೆಯೇ: ವಾದಕನ ಕೈಯಲ್ಲಿದ್ದ ಪ್ರಾಮಾಣ್ಯವು ಪೀಠದಲ್ಲಿ ಕುಳಿತವರ ಕೈಗೆ ಹೋಯಿತು.

ಈ ಆಕ್ಷೇಪವನ್ನು ಪೂರ್ತಿಯಾಗಿ ಒಪ್ಪಲು ತೊಡಕುಂಟು. ಉಂಬಳಿ ಹೋದ ವಾದಕನಿಗೆ ವರ್ಷಕ್ಕೊಮ್ಮೆಯಾದರೂ ಹಿರಿಯ ಸಂಗೀತವನ್ನು ನುಡಿಸುವ ವೇದಿಕೆಯನ್ನು ಕೊಟ್ಟುದು ಈ ಸ್ಪರ್ಧೆಯೇ. ಇಲ್ಲದಿದ್ದಲ್ಲಿ ಕುಣಿತಕ್ಕೂ ಮೆರವಣಿಗೆಗೂ ಬೇಕಾದ ಕಿರಿಯ ಸಂಗೀತವೊಂದೇ ಉಳಿಯುತ್ತಿತ್ತು. ಬರಹವು ಬಂದಮೇಲೂ ಬಾಯಿಪಾಠವು ಸಾಯಲಿಲ್ಲ. ಇನ್ವರ್ನೆಸ್ಸಿನ ಜಾನ್ ಮ್ಯಾಕ್‌ಡೊನಾಲ್ಡನು 1953ರಲ್ಲಿ ತೀರಿಕೊಳ್ಳುವವರೆಗೂ ಶಿಷ್ಯರಿಗೆ ಹಾಡಿಯೇ ಕಲಿಸಿದನು. ಇಂದಿನ ಹಿರಿಯ ವಾದಕರಲ್ಲಿ ಅನೇಕರ ಗುರುಪರಂಪರೆ ಅವನ ಮೂಲಕವೇ ಬಂದಿದೆ. ಹಾನಿಯಾದುದು ಪಾಠಭೇದಗಳಿಗೆ. ಒಂದೇ ರಚನೆಯನ್ನು ಬೇರೆಬೇರೆ ಮನೆತನಗಳು ಬೇರೆಬೇರೆಯಾಗಿ ನುಡಿಸುತ್ತಿದ್ದುದು ಹಸ್ತಪ್ರತಿಗಳಿಂದ ಸ್ಪಷ್ಟವಾಗುತ್ತದೆ. ಶಾಖಾಭೇದವನ್ನು ದೋಷವೆಂದೆಣಿಸಿ ಒಂದೇ ಪಾಠವನ್ನು ನಿಲ್ಲಿಸಿದುದು ಪರೀಕ್ಷಕರ ಅನುಕೂಲಕ್ಕಾಗಿಯೇ ಹೊರತು ಸಂಗೀತದ ಹಿತಕ್ಕಾಗಿ ಅಲ್ಲ.

ಮಿಕ್ಕ ಉತ್ಸವಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಇನ್ವರ್ನೆಸ್ಸಿನ ನಾರ್ದರ್ನ್ ಮೀಟಿಂಗ್ 1788ರಲ್ಲಿ ಶ್ರೀಮಂತರ ವಿನೋದಗೋಷ್ಠಿಯಾಗಿ ಹುಟ್ಟಿ, ಎಡಿನ್‌ಬರೋ ಸ್ಪರ್ಧೆಯು ನಿಂತಮೇಲೆ ಅದರ ಸ್ಥಾನವನ್ನು ಪಡೆಯಿತು. ಓಬನ್ನಿನ ಆರ್ಗೈಲ್‌ಷೈರ್ ಗ್ಯಾದರಿಂಗ್ 1871ರಲ್ಲಿ ಆರಂಭವಾಯಿತು. ಗೇಲಿಕ್ ಹಾಡುಗಾರಿಕೆಗೆ ಮೀಸಲಾದ ಮೋಡ್ ಎಂಬ ಉತ್ಸವವು 1892ರಲ್ಲಿ ಅದೇ ಓಬನ್ನಿನಲ್ಲಿಯೂ, ಬಹುಮಾನದ ಗೊಡವೆಯಿಲ್ಲದ ಕೆಲ್ಟಿಕ್ ಕನೆಕ್ಷನ್ಸ್ 1994ರಲ್ಲಿ ಗ್ಲಾಸ್ಗೋ ನಗರದಲ್ಲಿಯೂ ಮೊದಲಾದವು. ಹೆಂಗಸರಿಗೆ ಬಹುಕಾಲ ಮುಚ್ಚಿದ್ದ ಚಿನ್ನದ ಪದಕದ ಸ್ಪರ್ಧೆಯಲ್ಲಿ 2010ರಲ್ಲಿ, ಓಬನ್ನಿನಲ್ಲಿ, ಫೇ ಹೆಂಡರ್‌ಸನ್ ಎಂಬಾಕೆ ಗೆದ್ದಳು. ಆ ಪದಕವನ್ನು ಪಡೆದ ಮೊದಲನೆಯ ಸ್ತ್ರೀ ಆಕೆ.

ಇತ್ತೀಚೆಗೆ ಪೀಬ್ರೋಖ್ ಸೊಸೈಟಿಯೇ ಹಳೆಯ ಹಸ್ತಪ್ರತಿಗಳನ್ನು ಎಲ್ಲರಿಗೂ ದೊರೆಯುವಂತೆ ಅಂತರ್ಜಾಲದಲ್ಲಿ ಇರಿಸಿದೆ. ಕ್ಯಾಂಬೆಲ್ಲನ ಪಾಠವನ್ನು ನೋಡಿ ಕಲಿತು ನುಡಿಸುವ ವಾದಕರೂ ತಲೆದೋರಿದ್ದಾರೆ. ಸ್ಪರ್ಧೆಯ ಕ್ರಮವು ಮಾತ್ರ ಬಹುಮಟ್ಟಿಗೆ ಹಿಂದಿನಂತೆಯೇ ಇದೆ. ವಾದಕನು ತಾನು ಸಿದ್ಧಪಡಿಸಿದ ರಚನೆಗಳ ಪಟ್ಟಿಯನ್ನು ಒಪ್ಪಿಸುತ್ತಾನೆ. ಅವುಗಳಲ್ಲಿ ಒಂದನ್ನು ಪರೀಕ್ಷಕರು ಆರಿಸುತ್ತಾರೆ. ಶ್ರುತಿಮಾಡಿಕೊಂಡು ಅವನು ವೇದಿಕೆಯಲ್ಲಿ ನಿಧಾನವಾಗಿ ಹೆಜ್ಜೆಯಿಡುತ್ತಾ ನೆಲಗಟ್ಟನ್ನು ಆರಂಭಿಸುತ್ತಾನೆ. ಪುಸ್ತಕವು ಪರೀಕ್ಷಕರ ಮೇಜಿನಮೇಲೆ ತೆರೆದಿರುತ್ತದೆ. ವಾದಕನ ಎದುರಿಗೆ ಇರುವುದಿಲ್ಲ.